ಮುಖ ಇದೆ, ಹೆಸರಿಲ್ಲ

1/6
ಈ ಚಿತ್ರ ನಾನು ಬೆಂಗಳೂರಿನ ನಮ್ಮ ಪ್ರೈಡ್ ಮೆರವಣಿಗೆಯಲ್ಲಿ ಬಿಡಿಸಿದ್ದು. ಸೀರೆ ಇದೆ, ಬಳೆ ಇದೆ, ಕೈಯಲ್ಲಿ ಕಾಮನಬಿಲ್ಲಿನ ಬಾವುಟ ಇದೆ. ಮುಖ ಮಾತ್ರ ಖಾಲಿ. "ಮುಗಿಸೇ ಇಲ್ವಲ್ಲಾ?" ಅಂತ ಸುಮಾರು ಜನ ಕೇಳಿದ್ರಿ. ಮುಗಿದಿದೆ. ಯಾಕೆ ಹೀಗಿದೆ ಅಂತ ಹೇಳೋಕೆ ಮೊದಲು ನಿಮ್ಮನ್ನ 1975ರ ನ್ಯೂಯಾರ್ಕಿಗೆ ಕರ್ಕೊಂಡು ಹೋಗ್ಬೇಕು.

2/6
ಸೂಪ್ ಡಬ್ಬಿ ಚಿತ್ರದ ಆಂಡಿ ವಾರ್ಹಾಲ್ ಗೊತ್ತಲ್ವಾ? ಆ ವರ್ಷ ಇಟಲಿಯ ಕಲಾ ವ್ಯಾಪಾರಿಯೊಬ್ಬರು ಅವರಿಂದ ಡ್ರ್ಯಾಗ್ ಕ್ವೀನ್‌ಗಳ ಮತ್ತು ಟ್ರಾನ್ಸ್ ಮಹಿಳೆಯರ ಭಾವಚಿತ್ರ ಬರೆಸಿದರು. ವಾರ್ಹಾಲ್ ಕಡೆಯವರು ಗಿಲ್ಡೆಡ್ ಗ್ರೇಪ್ ಅನ್ನೋ ಬಾರ್‌ಗೆ ಹೋಗಿ ಜನರನ್ನು ಹುಡುಕಿದರು. ಒಟ್ಟು 14 ಮಂದಿ, ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೋ ಸಮುದಾಯದವರು. ಅರ್ಧ ಗಂಟೆ ಕೂತು ಪೋಲರಾಯ್ಡ್ ತೆಗೆಸಿಕೊಂಡರೆ 50 ಡಾಲರ್. ಅದರಿಂದ 250ಕ್ಕೂ ಹೆಚ್ಚು ಪೇಂಟಿಂಗ್ ಆದವು. ಸರಣಿಯ ಹೆಸರು 'ಲೇಡೀಸ್ ಅಂಡ್ ಜೆಂಟಲ್‌ಮೆನ್'. ಇಟಲಿಯ ಫೆರಾರಾ ನಗರದಲ್ಲಿ ಪ್ರದರ್ಶನವೂ ನಡೀತು. ಆದರೆ ಚಿತ್ರದಲ್ಲಿ ಇದ್ದವರ ಹೆಸರು ಎಲ್ಲೂ ಹಾಕಿರಲಿಲ್ಲ. ವಾರ್ಹಾಲ್ ಸ್ವತಃ ಗೇ. ಆದರೂ ಹೀಗಾಯ್ತು.

3/6
ಆ 14 ಮಂದಿಯಲ್ಲಿ ಒಬ್ಬರು ಮಾರ್ಶಾ ಪಿ. ಜಾನ್ಸನ್. ತಲೆ ತುಂಬ ಹೂವು ಮುಡಿಯುತ್ತಿದ್ದ ಮಾರ್ಶಾ. 1969ರ ಸ್ಟೋನ್‌ವಾಲ್ ದಂಗೆಯಲ್ಲಿ ಮೊದಲ ಇಟ್ಟಿಗೆ ಎಸೆದಿದ್ದೇ ಇವರು ಅಂತ ರೀಲ್ಸ್‌ನಲ್ಲಿ ನೋಡಿರ್ತೀರ. ಆದರೆ ತಾನು ಹೋಗೋ ಹೊತ್ತಿಗೆ ಗಲಾಟೆ ಶುರುವಾಗಿತ್ತು ಅಂತ ಅವರೇ ಹೇಳಿದ್ದಾರೆ. ಅದಕ್ಕೆ ಅವರ ಮಹತ್ವ ಕಡಿಮೆಯಾಗಲ್ಲ. 1970ರಲ್ಲಿ ಸಿಲ್ವಿಯಾ ರಿವೆರಾ ಜೊತೆ ಸೇರಿ, ಮನೆಯಿಂದ ಹೊರಬಿದ್ದ ಹುಡುಗ ಹುಡುಗಿಯರಿಗೆ ಆಸರೆ ಕೊಡೋ ಸಂಘಟನೆ ಕಟ್ಟಿದವರು ಅವರು. 1992ರಲ್ಲಿ ತೀರಿಕೊಂಡರು. ಈ ಸರಣಿಯ ಹೆಚ್ಚಿನವರ ಹೆಸರು ಸಂಶೋಧಕರ ಪುಸ್ತಕದಲ್ಲಿ ಬಂದಿದ್ದು 2014ರಲ್ಲಿ. ಸುಮಾರು 40 ವರ್ಷ ಮುಖ ಗೋಡೆ ಮೇಲಿತ್ತು, ಹೆಸರು ಇರಲಿಲ್ಲ.

4/6
ಈಗ ನಮ್ಮ ಕಡೆ ಬನ್ನಿ. 1999ರಲ್ಲಿ ಕೋಲ್ಕತ್ತಾದಲ್ಲಿ ಸುಮಾರು 15 ಮಂದಿ ಹಳದಿ ಟೀ ಶರ್ಟ್ ಹಾಕಿಕೊಂಡು ನಡೆದರು. 2008ರ ಜೂನ್ 29ರಂದು ಬೆಂಗಳೂರು, ದೆಹಲಿ, ಕೋಲ್ಕತ್ತಾ ಮೂರೂ ಕಡೆ ಒಂದೇ ದಿನ ಮೆರವಣಿಗೆ. ದೆಹಲಿಯಲ್ಲಿ ಹಲವರು ಮುಖವಾಡ ಹಾಕಿಕೊಂಡೇ ಬಂದಿದ್ದರು. ಆಗ ಸೆಕ್ಷನ್ 377 ಜಾರಿಯಲ್ಲಿತ್ತು. ಪೊಲೀಸರ ಭಯ ಒಂದು ಕಡೆ, ಮಾರನೇ ದಿನದ ಪೇಪರಿನಲ್ಲಿ ಫೋಟೋ ಬಂದು ಮನೆಯವರು ನೋಡಿಬಿಟ್ಟರೆ ಅನ್ನೋ ಭಯ ಇನ್ನೊಂದು ಕಡೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ವಯಸ್ಕರ ಸಮ್ಮತಿಯ ಸಂಬಂಧ ಅಪರಾಧ ಅಲ್ಲ ಅಂತ ತೀರ್ಪು ಕೊಟ್ಟಿತು. ಕಾನೂನಿನ ಭಯ ಹೋಯ್ತು. ಮನೆಯ ಭಯಕ್ಕೆ ಯಾವ ಕೋರ್ಟ್ ತೀರ್ಪು ಕೊಡುತ್ತೆ, ಹೇಳಿ.

5/6
2016ರಲ್ಲಿ ಪೂರ್ಣಿಮಾ ಸುಕುಮಾರ್ ಬೆಂಗಳೂರಿನಲ್ಲಿ ಅರವಾನಿ ಆರ್ಟ್ ಪ್ರಾಜೆಕ್ಟ್ ಶುರು ಮಾಡಿದರು. ಇಲ್ಲಿ ಟ್ರಾನ್ಸ್ ಮಹಿಳೆಯರು ಬರೀ ಮಾಡೆಲ್ ಅಲ್ಲ, ಕಲಾವಿದರು. ಏಣಿ ಹತ್ತಿ, ಕುಂಚ ಹಿಡಿದು, ತಮ್ಮಂಥವರ ಮುಖವನ್ನು ಊರಿನ ಗೋಡೆ ಮೇಲೆ ಆಳೆತ್ತರಕ್ಕೂ ಮೀರಿ ಬರೀತಾರೆ. 2024ರಲ್ಲಿ ಅವರ ಕೆಲಸ ವೆನಿಸ್ ಬಿಯೆನಾಲೆವರೆಗೂ ಹೋಯ್ತು. ಫೆರಾರಾ ಇರೋ ಇಟಲಿಗೇ, ಈ ಸಲ ಬರೆದವರಾಗಿ.

6/6
ಈಗ ನನ್ನ ಚಿತ್ರಕ್ಕೆ ಬರ್ತೀನಿ. ಅವರು ಹತ್ತು ನಿಮಿಷ ನಿಂತು ಬರೆಸಿಕೊಂಡರು, ನೋಡಿ ಖುಷಿಪಟ್ಟರು. ಆಮೇಲೆ ಮೆಲ್ಲಗೆ, "ಇದನ್ನ ಹಾಕ್ಬೇಡಮ್ಮ, ಊರಲ್ಲಿ ಅವ್ವಂಗೆ ಗೊತ್ತಿಲ್ಲ" ಅಂದರು. ಆ ಹಾಳೆ ಹರಿದು ಅವರ ಕೈಗೇ ಕೊಟ್ಟೆ. ನೀವು ನೋಡ್ತಿರೋದು ಆಮೇಲೆ ಅವರನ್ನೇ ಕೇಳಿ ಬರೆದ ಎರಡನೆಯದು.

ಇಲ್ಲೂ ಹೆಸರಿಲ್ಲ, ನಿಜ. ಹಾಗಾದ್ರೆ ವಾರ್ಹಾಲ್‌ಗೂ ನನಗೂ ಏನು ವ್ಯತ್ಯಾಸ ಅಂತ ನಾನೂ ಯೋಚಿಸಿದೆ. ಅಲ್ಲಿ ಹೆಸರು ಬಿಟ್ಟಿದ್ದು ಬರೆದವರು, ಬರೆಸಿದವರು. ಇಲ್ಲಿ ಬೇಡ ಅಂದಿದ್ದು ಅವರೇ.

ಮುಂದಿನ ಪ್ರೈಡ್‌ಗೆ ಸ್ಕೆಚ್‌ಬುಕ್ಕೋ ಫೋನೋ ಹಿಡ್ಕೊಂಡು ಹೋಗೋರು ಮೂರು ಮಾತು ಕೇಳಿ: ಬರೀಲಾ? ಹಾಕಲಾ? ಹೆಸರು ಬರೀಲಾ? ಮೂರಕ್ಕೂ ಬೇರೆ ಬೇರೆ ಉತ್ತರ ಬರಬಹುದು. ಬೇಡ ಅಂದ್ರೆ ನಕ್ಕು, ಹಾಳೆ ಅವರಿಗೇ ಕೊಟ್ಟು ಬನ್ನಿ. ಮುಖ ಇರೋ ಆ ಚಿತ್ರ ಈಗಲೂ ಅವರ ಹತ್ರಾನೇ ಇದೆ.

#ನಮ್ಮಪ್ರೈಡ್ #ಚಿತ್ರದಹಿಂದಿನಕಥೆ #ಕನ್ನಡದಲ್ಲಿಇತಿಹಾಸ