ಬ್ರೌನಿಯಲ್ಲಿ ಫಾರಿನ್ ಎಷ್ಟು?

ಇವತ್ತಿನ ಮಾತು ಬ್ರೌನಿ ಬಗ್ಗೆ.

ಕಳೆದ ಭಾನುವಾರ ಪುಣೆಯ ಮನೆಯಲ್ಲಿ ಕಿತ್ತಳೆ ಸಿಪ್ಪೆ ತುರಿದು ಹಾಕಿ ಚಾಕೊಲೇಟ್ ಬ್ರೌನಿ ಮಾಡಿದ್ದೆ. ಪುತ್ತೂರಿನಿಂದ ಬಂದಿದ್ದ ಅಪ್ಪ ಒಂದು ತುಂಡು ತಿಂದು, "ಇದೆಲ್ಲ ಫಾರಿನ್ ತಿಂಡಿ ಮಾರಾಯ" ಅಂದರು. ಹೌದಾ? ನೋಡೋಣ.

ಬ್ರೌನಿ ಅಮೆರಿಕದ್ದೇ, ತಕರಾರಿಲ್ಲ. 1893ರ ಶಿಕಾಗೊ ವಿಶ್ವಮೇಳಕ್ಕೆ ಪಾಮರ್ ಹೌಸ್ ಹೋಟೆಲ್‌ನಲ್ಲಿ ಹುಟ್ಟಿತು ಅನ್ನೋದು ಜನಪ್ರಿಯ ಕಥೆ. ಆದರೆ ಫ್ಯಾನಿ ಫಾರ್ಮರ್ ಅವರ 1896ರ ಅಡುಗೆ ಪುಸ್ತಕ ತೆರೆದರೆ, ಅದರ ಬ್ರೌನಿಯಲ್ಲಿ ಚಾಕೊಲೇಟೇ ಇಲ್ಲ, ಕಾಕಂಬಿ ಇದೆ! ಚಾಕೊಲೇಟ್ ಬಂದಿದ್ದು 1906ರ ಆವೃತ್ತಿಯಲ್ಲಿ.

ಕಿತ್ತಳೆ ಏಷ್ಯಾದ್ದು. ಆರೆಂಜ್ ಅನ್ನೋ ಪದವೂ ಸಂಸ್ಕೃತದ ನಾರಂಗ, ಪರ್ಷಿಯನ್ನಿನ ನಾರಂಗ್, ಅರಬ್ಬಿಯ ನಾರಂಜ್ ದಾಟಿ ಯುರೋಪಿಗೆ ಹೋಗಿದ್ದು. ನಾರಂಗದ ಮೂಲ ದ್ರಾವಿಡ ಅಂತ ಅನೇಕ ಭಾಷಾತಜ್ಞರ ಅಭಿಪ್ರಾಯ.

ಕೋಕೋ ದಕ್ಷಿಣ ಅಮೆರಿಕದ ಗಿಡ. ಆದರೂ ಅದರ ಒಂದು ಅಧ್ಯಾಯ ನಮ್ಮೂರಿನದು. ಅಡಿಕೆ ತೋಟಗಳ ನಡುವೆ ರೈತರು ಕೋಕೋ ನೆಟ್ಟರು. 1980ರ ಆಸುಪಾಸಿನಲ್ಲಿ ಬೆಲೆ ಬಿದ್ದು ಕೊಳ್ಳುವವರಿಲ್ಲದೆ ಕಂಗಾಲಾದರು. ಆಗ ಖರೀದಿಗೆ ಇಳಿದದ್ದು ಬೆಳೆಗಾರರದೇ ಸಹಕಾರ ಸಂಸ್ಥೆ ಕ್ಯಾಂಪ್ಕೊ. 1986ರಲ್ಲಿ ಪುತ್ತೂರಿನಲ್ಲೇ ಅದರ ಚಾಕೊಲೇಟ್ ಕಾರ್ಖಾನೆ ಶುರುವಾಯಿತು.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. "ನಿನ್ನಜ್ಜ ಅಷ್ಟರಲ್ಲಿ ಗಿಡ ಎಲ್ಲ ಕಡಿಸಿ ಆಗಿತ್ತು. ಸ್ವಲ್ಪ ಕಾದಿದ್ರೆ ಉಳೀತಿತ್ತು" ಅಂದರು.

ಕೋಕೋ ಪುಡಿಯ ಪ್ಯಾಕೆಟ್ ತೋರಿಸಿದೆ. ಪುತ್ತೂರಿನದು. ಓದಿ, ಇನ್ನೊಂದು ತುಂಡು ತಗೊಂಡರು.