ಕ್ರಾಸ್‌ನಾಗ ಮೊದಲು ಯಾರು? (ರಸ್ತೆಯ ಕಥಿ, ಭಾಗ 4)

ದೋಸ್ತರ, ಒಂದು ಪ್ರಶ್ನೆ. ಇಂಡಿ ಕಡೆಯ ಹಳ್ಳಿ ದಾರಿಯಿಂದ ಬೈಕ್ ಮ್ಯಾಲೆ ಬಂದೀರಿ. ಹೊರ್ತಿ ಹತ್ರ ಹೈವೇಗೆ ಸೇರಿ ಎಡಕ್ಕ, ಅಂದ್ರ ವಿಜಯಪುರದ ಕಡೆ ಹೊಳ್ಳಬೇಕು. ಸೊಲ್ಲಾಪುರ ಕಡೆಯಿಂದ ಒಂದು ಲಾರಿ ಬರ್ಲಿಕತ್ತದ. ಮೊದಲು ಯಾರು ಹೋಗಬೇಕು?

"ಎಡಕ್ಕ ತಾನ? ಫ್ರೀ ಲೆಫ್ಟ್ ಬಿಡ್ರಿ" ಅನ್ನೋರೇ ಬಹಳ ಮಂದಿ. ಫ್ರೀ ಲೆಫ್ಟ್ ಅನ್ನೋದು ಸಿಗ್ನಲ್ ಇರೋ ಊರಿನ ಮಾತು, ಅಲ್ಲೂ ಬೋರ್ಡ್ ಇದ್ರ ಮಾತ್ರ.

ಎಡಕ್ಕ ಹೊಳ್ಳೋದು ಸಸಾರ ಅನ್ನಿಸೋಕ ಕಾರಣ ಅದ. ನಾವು ರಸ್ತೆಯ ಎಡಕ್ಕ ನಡಸ್ತೀವಿ, ಹಂಗಾಗಿ ಎದುರಿನ ಸಾಲು ದಾಟೋ ಕೆಲಸ ಇರೋದಿಲ್ಲ. ಈ ಎಡದ ರೂಢಿ ಬ್ರಿಟಿಷರದು. ಲಂಡನ್ ಸೇತುವೆ ಮೇಲೆ ಎಡಕ್ಕೇ ಹೋಗಬೇಕು ಅಂತ 1756ರಲ್ಲಿ ಕಾಯ್ದೆ ಆಯ್ತು, 1835ರ ಹೈವೇ ಕಾಯ್ದೆ ಅದನ್ನ ಉಳಿದ ರಸ್ತೆಗಳಿಗೂ ತಂತು. ಅಮೆರಿಕದವರು ಬಲಕ್ಕ ನಡಸ್ತಾರ, ಅವರಿಗೆ ತ್ರಾಸಿನ ತಿರುವು ಎಡದ್ದು. ಅವರ ವಿಡಿಯೊ ನೋಡಿ ಕಲಿಯೋರು ಎಡ-ಬಲ ಅದಲುಬದಲು ಮಾಡ್ಕೊಂಡು ನೋಡ್ರಿ.

ನಮ್ಮ ಪ್ರಶ್ನೆಗೆ ಉತ್ತರ 1939ರ ಮೋಟಾರು ವಾಹನ ಕಾಯ್ದೆಯ ಹತ್ತನೇ ಷೆಡ್ಯೂಲಿನಾಗೇ ಇತ್ತು. ಆಗ ಹೊರ್ತಿ ಮುಂಬೈ ಪ್ರಾಂತ್ಯದ ಬಿಜಾಪುರ ಜಿಲ್ಲೆಯ ಊರು. ಗುರುತು ಮಾಡಿದ ಮುಖ್ಯರಸ್ತೆಗೆ ಸೇರುವವರು ಅಲ್ಲಿ ಹೋಗುತ್ತಿರುವ ವಾಹನಕ್ಕೆ ದಾರಿ ಬಿಡಬೇಕು. ಉಳಿದ ಕಡೆ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು. 1956ರಾಗ ನಾವು ಮೈಸೂರು ರಾಜ್ಯಕ್ಕೆ ಬಂದ್ವಿ, ನಿಯಮ ಅದೇ ಉಳೀತು. 1989ರ ರಸ್ತೆ ನಿಯಮಗಳಲ್ಲೂ ಅದೇ ಮಾತು.

ಬಲಗಡೆಯವರಿಗೇ ಯಾಕ? ಹೈವೇಗೆ ಮುಂದಿನ ಗಾಲಿ ಇಟ್ಟ ಕೂಡಲೇ ನಿಮಗ ಸಿಗೋ ಮೊದಲ ಸಾಲು ಬಲದಿಂದ ಬರೋರದ್ದು. ಡಿಕ್ಕಿ ಆಗೋದು ಅಲ್ಲೇ ಮೊದಲು. ಈಗ ಆ ಲಾರಿ ನೆನಸ್ರಿ: ಸೊಲ್ಲಾಪುರ ನಿಮ್ಮ ಬಲಕ್ಕ. ಬೋರ್ಡ್ ಇರಲಿ, ಇಲ್ಲದಿರಲಿ, ಎರಡೂ ಲೆಕ್ಕದಾಗ ನಿಲ್ಲಬೇಕಾದವರು ನೀವೇ.

ಹಳೇ ಎನ್ಎಚ್ 13ರ ಕಾಲಕ್ಕ ಕೈ ಸನ್ನಿ, ಹಾರ್ನ್, ಕಣ್ಣಿನ ನೋಟದಾಗೇ ಹೊಂದಾಣಿಕಿ ಆಗ್ತಿತ್ತು. ಈಗ ಅದು ಎನ್ಎಚ್ 52, ನಾಕು ಸಾಲು. 2021ರ ಫೆಬ್ರುವರಿಯಲ್ಲಿ ಇದೇ ವಿಜಯಪುರ-ಸೊಲ್ಲಾಪುರ ಹೆದ್ದಾರಿ ಕಾಮಗಾರಿಯಾಗ 25.54 ಕಿ.ಮೀ. ಒಂದು ಸಾಲನ್ನ 18 ತಾಸಿನಾಗ ಹಾಕಿದ್ದು ದೊಡ್ಡ ಸುದ್ದಿ ಆಗಿತ್ತು. ಅಷ್ಟು ವೇಗದಾಗ ಬರೋ ಲಾರಿಯವನಿಗೆ ನಿಮ್ಮ ಕೈ ಸನ್ನಿ ಕಾಣೋದಿಲ್ಲ. ಕಬ್ಬಿನ ಸೀಜನ್‌ನಾಗ ಎರಡು ಟ್ರೇಲರ್ ಎಳ್ಕೊಂಡು ಬರೋ ಟ್ರ್ಯಾಕ್ಟರಿನವರಿಗಂತೂ ಹೈವೇ ಸೇರೋಕ ಎಷ್ಟು ದೊಡ್ಡ ಸಂದು ಬೇಕು, ಲೆಕ್ಕ ಹಾಕ್ರಿ.

2017ರ ಜೂನ್‌ನಲ್ಲಿ ಹೊಸ ಚಾಲನಾ ನಿಯಮಗಳು ಬಂದವು. ಪಟ್ಟಿ ದಾಟೋ ಪಾದಚಾರಿಗೆ ದಾರಿ ಬಿಡಬೇಕು ಅಂತ ಅದರಾಗೂ ಅದ. ಹಳ್ಳಿ ಕ್ರಾಸ್‌ಗಳಾಗ ಪಟ್ಟಿ ಎಷ್ಟು ಕಡೆ ಅದಾವ, ನೀವೇ ಎಣಸ್ರಿ. ಸೀಗಿ ಹುಣ್ಣಿಮಿ ಹತ್ರ ಬಂದ್ರ ತುಳಜಾಪುರಕ್ಕ ನಡ್ಕೊಂಡು ಹೋಗೋರು ಇದೇ ರಸ್ತೆಯ ಅಂಚಿನಾಗ ಇರ್ತಾರ, ರಾತ್ರಿನೂ. ಎಡಕ್ಕ ಹೊಳ್ಳೋರ ಕಣ್ಣು ಬಲಕ್ಕ ಲಾರಿ ಮ್ಯಾಲೆ, ಅವರು ಎಡಕ್ಕ.

ನಿಮ್ಮೂರ ಕ್ರಾಸ್‌ನಾಗ ತ್ರಿಕೋನದ ದಾರಿ-ಬಿಡಿ ಬೋರ್ಡ್ ಅದ ಏನು? ಫೋಟೊ ಕಳಸ್ರಿ, ಭಾಗ 5ರಾಗ ಹಾಕ್ತೀನಿ.

#ರಸ್ತೆಯಕಥಿ #ಹೊರ್ತಿ #ವಿಜಯಪುರ