ಕದಡಿದ ನೀರಿನಲ್ಲೂ ಕಾಣುವ ಕಣ್ಣು: ಮೀನಿನ ಅಕ್ಷಿಪಟದ ಕಾರ್ಯವೈಖರಿ

ಮಳೆಗಾಲದಲ್ಲಿ ಕೆಮ್ಮಣ್ಣಿನ ನೀರು ಹರಿದು ಬಂದಾಗ ಕುಣಿಗಲ್ ದೊಡ್ಡಕೆರೆಯಂತಹ ಬಯಲುಸೀಮೆಯ ಕೆರೆಗಳ ಒಡಲು ಕದಡುತ್ತದೆ. ಇಂತಹ ನೀರಿನಲ್ಲಿ ಬೆಳಕು ಆಳಕ್ಕೆ ಇಳಿಯುವುದಿಲ್ಲ. ನೀಲಿ ಬೆಳಕು ಮೊದಲು ಕಳೆದುಹೋಗಿ, ಹಳದಿ ಹಾಗೂ ಕೆಂಪು ಛಾಯೆಯ ಬೆಳಕು ಮಾತ್ರ ಉಳಿಯುತ್ತದೆ. ಆದರೂ ಕೆರೆಯ ಮೀನು ಆಹಾರವನ್ನು ಹುಡುಕುತ್ತದೆ, ಶತ್ರುವಿನಿಂದ ತಪ್ಪಿಸಿಕೊಳ್ಳುತ್ತದೆ. ಇದರಲ್ಲಿ ಕಣ್ಣಿನ ಹಿಂಭಾಗದ ತೆಳುವಾದ ನರಪದರ, ಅಂದರೆ ಅಕ್ಷಿಪಟದ ಪಾತ್ರ ಮಹತ್ವದ್ದು.

ಐದು ಬಗೆಯ ನರಕೋಶಗಳು

ಮೀನಿನ ಅಕ್ಷಿಪಟದಲ್ಲಿಯೂ ಮನುಷ್ಯನಲ್ಲಿರುವಂತೆ ಐದು ಪ್ರಮುಖ ಬಗೆಯ ನರಕೋಶಗಳಿವೆ: ಬೆಳಕುಗ್ರಾಹಿ, ಅಡ್ಡಕೋಶ, ದ್ವಿಧ್ರುವ ಕೋಶ, ಅಮಾಕ್ರೈನ್ ಕೋಶ ಮತ್ತು ಗ್ಯಾಂಗ್ಲಿಯಾನ್ ಕೋಶ. ಬೆಳಕುಗ್ರಾಹಿಗಳಲ್ಲಿ ಮತ್ತೆ ಎರಡು ವಿಧ. ದಂಡಕೋಶಗಳು ಮಂದ ಬೆಳಕಿಗೆ, ಶಂಕುಕೋಶಗಳು ಹಗಲಿನ ಬೆಳಕಿಗೆ ಮತ್ತು ಬಣ್ಣಕ್ಕೆ ಮೀಸಲು.

ಕತ್ತಲಿನಲ್ಲಿ ಬೆಳಕುಗ್ರಾಹಿಗಳು ಗ್ಲುಟಮೇಟ್ ಎಂಬ ರಾಸಾಯನಿಕವನ್ನು ಸದಾ ಸ್ರವಿಸುತ್ತಿರುತ್ತವೆ. ಬೆಳಕು ಬಿದ್ದೊಡನೆ ಈ ಸ್ರಾವ ಇಳಿಯುತ್ತದೆ. ಅಂದರೆ ಬೆಳಕಿನ ಸುದ್ದಿ ಮುಂದಿನ ಕೋಶಕ್ಕೆ ತಲಪುವುದು ಸ್ರಾವದ ಇಳಿಕೆಯ ರೂಪದಲ್ಲಿ. ದ್ವಿಧ್ರುವ ಕೋಶಗಳಲ್ಲಿ ಕೆಲವು ಬೆಳಕು ಹೆಚ್ಚಿದಾಗ ಚುರುಕಾದರೆ, ಇನ್ನು ಕೆಲವು ಬೆಳಕು ಕಡಿಮೆಯಾದಾಗ ಚುರುಕಾಗುತ್ತವೆ. ಹೀಗೆ ಬೆಳಕು ಮತ್ತು ನೆರಳಿನ ಸುದ್ದಿಗಳು ಬೇರೆ ಬೇರೆ ದಾರಿ ಹಿಡಿಯುತ್ತವೆ.

ಅಡ್ಡಕೋಶಗಳು ನೆರೆಹೊರೆಯ ಬೆಳಕುಗ್ರಾಹಿಗಳನ್ನು ಬೆಸೆದು, ಸುತ್ತಲಿನ ಸರಾಸರಿ ಬೆಳಕನ್ನು ಕಳೆದು, ಅಂಚುಗಳು ಎದ್ದು ಕಾಣುವಂತೆ ಮಾಡುತ್ತವೆ. ವಸ್ತು ಮತ್ತು ಹಿನ್ನೆಲೆಯ ನಡುವಣ ವ್ಯತ್ಯಾಸ ತೀರಾ ಕಡಿಮೆಯಿರುವ ರಾಡಿ ನೀರಿನಲ್ಲಿ ಇದರ ಪ್ರಯೋಜನ ದೊಡ್ಡದು. ಅಮಾಕ್ರೈನ್ ಕೋಶಗಳು ಮುಖ್ಯವಾಗಿ ಚಲನೆಯ ಮತ್ತು ಸಮಯದ ವಿವರಗಳನ್ನು ತಿದ್ದುತ್ತವೆ. ಕೊನೆಯದಾಗಿ ಗ್ಯಾಂಗ್ಲಿಯಾನ್ ಕೋಶಗಳ ಎಳೆಗಳು ದೃಷ್ಟಿನರವಾಗಿ ಹೊರಟು, ಬಹುಪಾಲು ಎದುರು ಬದಿಯ ಮಿದುಳಿನ ದೃಷ್ಟಿಭಾಗವನ್ನು ಸೇರುತ್ತವೆ.

ಗೆಂಡೆ ಮೀನು ಕಲಿಸಿದ ಪಾಠ

ಈ ತಿಳಿವಳಿಕೆಯ ಬಹುಭಾಗ ಬಂದದ್ದು ಮೀನುಗಳಿಂದಲೇ. ಫಿನ್ಲೆಂಡ್ ಮೂಲದ ವಿಜ್ಞಾನಿ ಗುನ್ನಾರ್ ಸ್ವೇಟಿಶಿನ್ 1953ರಲ್ಲಿ ಮೀನಿನ ಅಕ್ಷಿಪಟದಿಂದ ವಿದ್ಯುತ್ ಸಂಕೇತಗಳನ್ನು ದಾಖಲಿಸಿದರು. ಅವು ಶಂಕುಕೋಶಗಳವೆಂದು ಮೊದಲು ಭಾವಿಸಲಾಗಿತ್ತು. ಅಡ್ಡಕೋಶಗಳವೆಂದು ಮುಂದೆ ಖಚಿತವಾಯಿತು. ಅವುಗಳಲ್ಲಿ ಕೆಲವು ಒಂದು ಬಣ್ಣಕ್ಕೆ ಒಂದು ದಿಕ್ಕಿನಲ್ಲಿ, ಮತ್ತೊಂದು ಬಣ್ಣಕ್ಕೆ ವಿರುದ್ಧ ದಿಕ್ಕಿನಲ್ಲಿ ಸ್ಪಂದಿಸಿದವು. ಬಣ್ಣಗಳ ಹೋಲಿಕೆ ಮಿದುಳನ್ನು ಮುಟ್ಟುವ ಮೊದಲೇ ಆರಂಭವಾಗುತ್ತದೆ ಎಂಬುದಕ್ಕೆ ಇದು ಪುರಾವೆಯಾಯಿತು.

ಜಪಾನಿನ ತ್ಸುನೆಒ ತೊಮಿತಾ ಮತ್ತು ಸಂಗಡಿಗರು 1967ರಲ್ಲಿ ಗೆಂಡೆ ಮೀನಿನ ಒಂದೊಂದೇ ಶಂಕುಕೋಶವನ್ನು ಪರೀಕ್ಷಿಸಿ ಮೂರು ಗುಂಪುಗಳನ್ನು ಗುರುತಿಸಿದರು. ಅವುಗಳ ಗರಿಷ್ಠ ಸ್ಪಂದನ ಸುಮಾರು 462, 529 ಮತ್ತು 611 ನ್ಯಾನೊಮೀಟರ್ ತರಂಗಾಂತರದಲ್ಲಿತ್ತು. ಮನುಷ್ಯನ ಕೆಂಪು ಶಂಕುಕೋಶದ ಗರಿಷ್ಠ ಸ್ಪಂದನ ಸುಮಾರು 560ರಲ್ಲಿ ಮಾತ್ರ. ಗೆಂಡೆಯ ಕಣ್ಣು ಕೆಂಪಿನತ್ತ ಇಷ್ಟೊಂದು ವಾಲಲು ಮುಖ್ಯ ಕಾರಣ ವಿಟಮಿನ್ ಎ2 ಆಧರಿಸಿದ ವರ್ಣದ್ರವ್ಯ. ಸಿಹಿನೀರಿನ ಮೀನುಗಳಲ್ಲಿ ಇದನ್ನು ಗುರುತಿಸಿದ ಜಾರ್ಜ್ ವಾಲ್ಡ್ ಅವರಿಗೆ, ದೃಷ್ಟಿ ಕುರಿತ ಸಂಶೋಧನೆಗಾಗಿ 1967ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ದೊರೆಯಿತು.

ಹಗಲು ಇರುಳಿನ ಹೊಂದಾಣಿಕೆ

ಬಹುತೇಕ ಮೂಳೆಮೀನುಗಳ ಪಾಪೆ ಮನುಷ್ಯನ ಪಾಪೆಯಂತೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಬದಲಿಗೆ ಕೋಶಗಳೇ ಸ್ಥಳ ಬದಲಿಸುತ್ತವೆ. ಹಗಲಿನಲ್ಲಿ ದಂಡಕೋಶಗಳು ಉದ್ದವಾಗಿ ಕಪ್ಪು ವರ್ಣಪದರದಲ್ಲಿ ಅಡಗುತ್ತವೆ, ಶಂಕುಕೋಶಗಳು ಕುಗ್ಗಿ ಬೆಳಕಿನತ್ತ ಸರಿಯುತ್ತವೆ. ಕತ್ತಲಾದೊಡನೆ ಇದು ತಿರುಗುಮುರುಗಾಗುತ್ತದೆ.

ಮನುಷ್ಯನಿಗೆ ಇಲ್ಲದ ಶಕ್ತಿ

ಮೀನಿನ ಅಕ್ಷಿಪಟ ಜೀವನಪೂರ್ತಿ ಅಂಚಿನಲ್ಲಿ ಬೆಳೆಯುತ್ತಲೇ ಇರುತ್ತದೆ. ಗಾಯವಾದರೆ ಹೊಸ ನರಕೋಶಗಳನ್ನೂ ಹುಟ್ಟಿಸಿಕೊಳ್ಳುತ್ತದೆ. ಭಾರತ ಉಪಖಂಡದ ತೊರೆಗಳಲ್ಲಿ ವಾಸಿಸುವ ಪುಟ್ಟ ಜೀಬ್ರಾಮೀನಿನಲ್ಲಿ ಮ್ಯೂಲರ್ ಕೋಶಗಳೆಂಬ ಆಧಾರಕೋಶಗಳು ವಿಭಜನೆಗೊಂಡು ಈ ದುರಸ್ತಿ ನಡೆಸುವುದು ದೃಢಪಟ್ಟಿದೆ. ಮನುಷ್ಯನ ಕಣ್ಣಿನಲ್ಲಿಯೂ ಮ್ಯೂಲರ್ ಕೋಶಗಳಿವೆ. ಆದರೆ ಅವು ಈ ಕೆಲಸಕ್ಕೆ ಇಳಿಯುವುದಿಲ್ಲ. ಆದ್ದರಿಂದಲೇ ಗ್ಲಾಕೋಮಾದಲ್ಲಿ ಸತ್ತ ಗ್ಯಾಂಗ್ಲಿಯಾನ್ ಕೋಶಗಳು ಮರಳುವುದಿಲ್ಲ, ಕಳೆದ ದೃಷ್ಟಿಯೂ ಹಿಂತಿರುಗುವುದಿಲ್ಲ. ಆ ಕೋಶಗಳ ಸುಪ್ತ ಶಕ್ತಿಯನ್ನು ಎಚ್ಚರಿಸುವ ಪ್ರಯತ್ನಗಳು ಪ್ರಯೋಗಾಲಯಗಳಲ್ಲಿ ಸಾಗಿವೆ. ಅದು ಚಿಕಿತ್ಸೆಯಾಗಿ ಕೈಸೇರುವವರೆಗೆ, ಕಾಲಕಾಲಕ್ಕೆ ಕಣ್ಣಿನ ತಪಾಸಣೆ ಮಾಡಿಸಿ ಇರುವ ಕೋಶಗಳನ್ನು ಉಳಿಸಿಕೊಳ್ಳುವುದೇ ಮನುಷ್ಯನಿಗಿರುವ ದಾರಿ.